ಅಜ್ಜಿಯ ಕೋಣೆಯ ಗಂಗೆ ಕಡೆಯ ಕಿಟಕಿ

ಕಾಶಿಯ ಬಂಗಾಲಿ ಟೋಲಾ ಓಣಿಯ ನಮ್ಮ ಮನೆಯಲ್ಲಿ ಕಾಶಿವಾಸಕ್ಕೆಂದು ಬಂದ ಅಜ್ಜಿಯೊಬ್ಬರಿದ್ದರು, ಹಾಸನದ ಕಡೆಯವರು. ಅವರ ಕೋಣೆಗೆ ಗಂಗೆಯ ಕಡೆ ಒಂದು ಕಿಟಕಿ. ಅಂಥ ಕಿಟಕಿಗಾಗಿ ಯಾತ್ರಿಕರು ನನ್ನ ಜೊತೆ ಜಗಳಕ್ಕೇ ನಿಲ್ಲುತ್ತಾರೆ. ಅಜ್ಜಿ ಮಾತ್ರ ಬಂದಂದಿನಿಂದ ಅದನ್ನು ತೆರೆದವರಲ್ಲ. ಹಿಂದೊಮ್ಮೆ ಅಜ್ಜಿ ಗಂಡನ ಜೊತೆ ಯಾತ್ರೆಗೆ ಬಂದಾಗ, ಆಚೆ ದಡದ ರಾಮನಗರದ ಕೋಟೆ ನೋಡಲು ಹೋಗಿ ಯಜಮಾನರು ಅಲ್ಲೇ ಕುಸಿದು ತೀರಿಕೊಂಡಿದ್ದರು. ಈ ದಡದಲ್ಲಿ ಸತ್ತರೆ ಮುಕ್ತಿ, ಮತ್ತೆ ಹುಟ್ಟಿಲ್ಲ. ಆ ದಡದಲ್ಲಿ ಸತ್ತರೆ ಕತ್ತೆಯ ಜನ್ಮ ಎಂದು ಇಲ್ಲಿ ದೋಣಿಯವನೂ ಹೇಳುತ್ತಾನೆ. ಪುರೋಹಿತನಾದ ನಾನೂ ಹೇಳಿ ಯಾತ್ರಿಕರನ್ನು ನಗಿಸುತ್ತಿದ್ದೆ. ಅಜ್ಜಿಯ ಎದುರು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಜ್ಜಿಗೆ ಉಬ್ಬಸ ವಿಪರೀತವಾಯಿತು. ಇನ್ನು ಹೆಚ್ಚು ಹೊತ್ತಿಲ್ಲ, ಗಾಳಿಯಾದರೂ ಆಡಲಿ ಎಂದು ಡಾಕ್ಟರು ಹೇಳಿ ಹೋದರು. ಅವರ ಹಿಂದೆಯೇ ಕರೆಂಟೂ ಹೋಯಿತು.

"ಕಿಟಕಿ ತೆಗೀತೀನಿ ಅಜ್ಜಿ."

"ಮುಟ್ಟಬೇಡ."

ನನಗೆ ರೇಗಿತು, ಅಳುವೂ ಬಂತು. ಬೀಸಣಿಗೆ ಹಿಡಿದು ಕೂತೆ.

ಮಹಡಿಯ ಮೇಲೆ ಫಿನ್ಲೆಂಡಿನವನೊಬ್ಬ ಬಾಡಿಗೆಗಿದ್ದ. ಯಾವ ಪದ ಎಲ್ಲಿಂದ ಬಂತೆಂದು ಹುಡುಕುವುದು ಅವನ ಕೆಲಸ. ಅದಕ್ಕೆ ಸಂಬಳವನ್ನೂ ಕೊಡುತ್ತಾರಂತೆ. ಅಜ್ಜಿಯನ್ನು ನೋಡಲು ಕೆಳಗೆ ಬಂದವನು, ಕಿಟಕಿ ಯಾಕೆ ಮುಚ್ಚಿದೆ ಎಂದು ಹಿಂದಿಯಲ್ಲಿ ಕೇಳಿದ. ಹೇಳಿದೆ. ಪಾಪ, ಏನು ಮಾತಾಡಬೇಕೆಂದು ತೋಚದೆ ತನಗೆ ಗೊತ್ತಿದ್ದನ್ನೇ ಮಾತಾಡಿದ. ಅವರಲ್ಲಿ ಕಿಟಕಿಗೆ 'ಇಕ್ಕುನ' ಎನ್ನುತ್ತಾರಂತೆ. ಪದ ಅವರದಲ್ಲ, ಬಹಳ ಹಿಂದೆ ನೆರೆಯ ಸ್ಲಾವ್ ಜನರಿಂದ ಬಂದದ್ದಂತೆ. ಆ ಜನರಲ್ಲಿ ಅದು ಹುಟ್ಟಿದ್ದು 'ಕಣ್ಣು' ಎಂಬ ಪದದಿಂದ. ನಿಮ್ಮ ಗವಾಕ್ಷಿಯಲ್ಲೂ ಕಣ್ಣಿದೆಯಲ್ಲ ಎಂದು ನನಗೇ ಪಾಠ ಹೇಳಿದ, ಮಹಾರಾಯ. ಏನು ಹೇಳ್ತಾನೆ ಎಂದು ಅಜ್ಜಿ ಸನ್ನೆ ಮಾಡಿದರು. ಉಸಿರಿಗೆ ಒದ್ದಾಡುವವರಿಗೆ ಇದೆಲ್ಲ ಯಾಕೆಂದು ಬೈದುಕೊಳ್ಳುತ್ತಲೇ ಕನ್ನಡದಲ್ಲಿ ಒಪ್ಪಿಸಿದೆ.

ಅಜ್ಜಿ ಮುಚ್ಚಿದ ಕಿಟಕಿಯ ಕಡೆ ಮುಖ ತಿರುಗಿಸಿದರು.

"ನೋಡೋಕೆ ಅಂತ್ಲೇ ಇಟ್ಟಿದ್ದಪ್ಪ ಅದು. ಅವರು ಆ ಕಡೆ ಒಬ್ರೇ ಇದ್ದಾರೆ. ನಾನು ಒಂದಿನಾನೂ ನೋಡ್ಲಿಲ್ಲ. ತೆಗಿ."

ಕಿಟಕಿಯ ಬಾಗಿಲು ಬಿಗಿದುಕೊಂಡಿತ್ತು, ಗುದ್ದಿ ತೆರೆದೆ. ಗಾಳಿ ಬಂತು.

"ಮಂಚಾನೂ ತಿರುಗಿಸು."

"ಬೇಡ ಅಜ್ಜಿ. ಕಡೇ ಗಳಿಗೇಲಿ ಮನಸ್ಸು ಎಲ್ಲಿರುತ್ತೋ ಹುಟ್ಟು ಅಲ್ಲೇ. ವಿಶ್ವನಾಥನ್ನ ನೆನೀರಿ, ಮುಕ್ತಿ ಸಿಗುತ್ತೆ."

"ಮುಕ್ತಿ ಸಿಕ್ಕಿಬಿಟ್ರೆ ಅವರು ಸಿಗಲ್ವಲ್ಲೋ."

ಜನರಿಗೆ ಮುಕ್ತಿ ಕೊಡಿಸಿ ಹೊಟ್ಟೆ ಹೊರೆಯುವವನು ನಾನು. ಫಿನ್ಲೆಂಡಿನವನಿಗೆ ಒಂದು ಕಡೆ ಹಿಡಿಯಲು ಹೇಳಿ, ಮಂಚವನ್ನು ರಾಮನಗರದ ಕಡೆಗೆ ತಿರುಗಿಸಿದೆ.