ಜಡೆಯ ಕಾಲಂ

ಅಕ್ಕನ ಜಡೆಯನ್ನು ನಾನು ಎತ್ತಿ ಕಟ್ಟಲಿಲ್ಲ. ಮಾಡದೆ ಬಿಟ್ಟದ್ದು ಇಷ್ಟೇ. ಕೇಳಿದರೆ ನಗು ಬರಬಹುದು. ಅದು ಬೇರೆಯವರ ಅಕ್ಕನ ಜಡೆಯಾಗಿದ್ದರೆ ನನಗೂ ಬರುತ್ತಿತ್ತು.

ಚಳ್ಳಕೆರೆಯ ಒಂದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ನಾನು ಆಯಾ. ಓದಿದ್ದು ಏಳನೇ ಕ್ಲಾಸು. ಯಂತ್ರ ನೋಡಿಕೊಳ್ಳುವವರು ಟೆಕ್ನಿಷಿಯನ್ ಸಾರ್. ಅದರ ಮುಂದೆ ನಿಲ್ಲುವವರನ್ನು ಅಣಿ ಮಾಡುವುದು ನಾನು. ಸರ, ತಾಯಿತ, ಪಿನ್ನು ತೆಗೆಸಬೇಕು, ಜಡೆ ಎತ್ತಿ ತಲೆಯ ಮೇಲೆ ಕಟ್ಟಬೇಕು, ಉಸಿರು ಹಿಡಿಯುವುದನ್ನು ಹೇಳಿಕೊಡಬೇಕು. ಉಸಿರು ಹಿಡಿಯಿರಿ ಎಂದರೆ ಅರ್ಧ ಜನ ಕೆನ್ನೆ ಉಬ್ಬಿಸುತ್ತಾರೆ. ಮೊಳಕಾಲ್ಮೂರಿನ ಕಡೆಯ ಕೆಲವರಿಗೆ ತೆಲುಗಿನಲ್ಲೇ ಹೇಳಬೇಕು. ನನ್ನಿವಾಳ ಎಂಬ ಊರಿನ ಅಜ್ಜ ಒಬ್ಬರು ಹಿಡಿದ ಉಸಿರನ್ನು ಬಿಡದೆ ಬಾಗಿಲವರೆಗೂ ನಡೆದುಬಂದು, ಇನ್ನು ಬಿಡಲಾ ಎಂದು ಕೈಸನ್ನೆಯಲ್ಲಿ ಕೇಳಿದ್ದರು.

ಇದರಲ್ಲಿ ಒಂದು ತಪ್ಪಿದರೂ ಚಿತ್ರ ಕೆಡುತ್ತದೆ, ಮತ್ತೆ ತೆಗೆಯಬೇಕಾಗುತ್ತದೆ. ಹಾಗೆ ಕೆಟ್ಟವು ಹೆಚ್ಚಾದವೆಂದು ಸಾರ್ ಗೋಡೆಗೆ ಒಂದು ಹಾಳೆ ಅಂಟಿಸಿದರು. ಅಲುಗಾಟ, ಉಸಿರು, ಸರ, ಜಡೆ ಎಂದು ನಾಲ್ಕು ಕಾಲಂ. ಕೆಟ್ಟ ಚಿತ್ರಕ್ಕೊಂದು ಗೀಟು. ಜಡೆಯ ಕಾಲಂ ಮೂರು ವಾರ ಖಾಲಿ ಇತ್ತು. ಶಾಲೆಯಲ್ಲಿ ಎಂದೂ ಮೊದಲು ಬಾರದ ನಾನು ದಿನಾ ಬೆಳಿಗ್ಗೆ ಆ ಖಾಲಿ ಜಾಗವನ್ನು ನೋಡಿಯೇ ಕೆಲಸ ಶುರು ಮಾಡುತ್ತಿದ್ದೆ. ಬ್ರಹ್ಮಗಿರಿಯ ಬಂಡೆಯ ಮೇಲೆ ರಾಜಶಾಸನದ ಅಕ್ಷರ ಕೆತ್ತಿದವನಿಗೂ ಇಷ್ಟು ಜಂಬ ಇದ್ದಿರಲಾರದು. ಅವನು ತಪ್ಪಿದ್ದರೆ ಊರಿಗೆಲ್ಲ ಕಾಣುತ್ತಿತ್ತು.

ಆಗ ಬಂದಳು ಅಕ್ಕ, ಮೊಳಕಾಲ್ಮೂರಿನಿಂದ, ಬಿಡದ ಕೆಮ್ಮಿನೊಂದಿಗೆ. ಅವಳು ಮನೆಯಲ್ಲೇ ರೇಷ್ಮೆ ಸೀರೆ ನೇಯುತ್ತಾಳೆ. ಚಿಕ್ಕಂದಿನಲ್ಲಿ ನನಗೆ ಜಡೆ ಹೆಣೆಯುತ್ತಿದ್ದವಳೂ ಅವಳೇ. ಈಗ ಅವಳ ಕೂದಲು ತೆಳುವಾಗಿದೆ. ಜಡೆಯೊಳಗೆ ಚೌರಿ ಸೇರಿಸಿಕೊಳ್ಳುತ್ತಾಳೆ. ಎತ್ತಿ ಕಟ್ಟಲು ಹೋದರೆ ಆ ಕಟ್ಟುಗೂದಲು ಸಾರ್ ಎದುರಿಗೇ ನನ್ನ ಕೈಗೆ ಬರುತ್ತಿತ್ತು; ಅವಳಿಗೆ ನಾಚಿಕೆಯಾದೀತೆಂದು ಹಾಗೇ ಬಿಟ್ಟೆ. ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ಬಿಟ್ಟುಕೊಂಡೇ ನಿಂತಳು. ಜಡೆ ನೋಡಿದೆಯಾ ಎಂದು ಸಾರ್ ಕೇಳಿದರು. ನೋಡಿದೆ ಎಂದೆ. ಸುಳ್ಳಲ್ಲ, ನೋಡಿದ್ದೆ.

ಚಿತ್ರದಲ್ಲಿ ಎಡ ಶ್ವಾಸಕೋಶದ ಮೇಲ್ತುದಿಗೆ ಮಬ್ಬು ನೆರಳು. ಟಿಬಿ ಇರಬಹುದೆಂದು ಡಾಕ್ಟರು ಕಫ ಪರೀಕ್ಷೆಗೆ ಬರೆದರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನಗೆ ಹೊಳೆಯಿತು: ಜಡೆ ಇದ್ದದ್ದು ಎಡ ಹೆಗಲ ಮೇಲೆ, ಆ ನೆರಳು ಅದರದ್ದೇ ಇರಬಹುದು. ಆಗಲೇ ಎದ್ದು ಹೋಗಿ ಹೇಳಬಹುದಿತ್ತು. ಹೇಳಿದರೆ ಕಾಲಂನಲ್ಲಿ ಗೀಟು ಬೀಳುತ್ತದೆ. ಹೇಳಿ, ಮತ್ತೆ ತೆಗೆದು, ಆಗಲೂ ನೆರಳು ಕಂಡರೆ ಎಂಬ ಹೆದರಿಕೆ ಬೇರೆ. ಬುತ್ತಿ ಮುಚ್ಚಿಟ್ಟು, ಮುಂದಿನವರ ಸರ ತೆಗೆಸಲು ಹೋದೆ.

ಮೂರನೆಯ ದಿನ ಅಕ್ಕ ಫೋನು ಮಾಡಿದಳು. ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಾಳಂತೆ. ಮೊಮ್ಮಗಳನ್ನು ಹತ್ತಿರ ಸೇರಿಸುತ್ತಿಲ್ಲವಂತೆ. ಆ ಮಗು ಹೊಸ್ತಿಲಲ್ಲೇ ನಿಂತು ಮಗ್ಗದ ಸದ್ದು ಕೇಳುತ್ತದಂತೆ.

"ನೀನು ದಿನಾ ಇಂಥವ್ರನ್ನ ನೋಡ್ತೀಯಲ್ಲ, ಇದು ವಾಸಿ ಆಗ್ತೈತೇನೇ?"

ಆಗುತ್ತದೆ ಎಂದೆ. ಒಂದು ಎಳೆ ತಪ್ಪಿದ್ದು ಕಂಡರೆ ಮಗ್ಗ ನಿಲ್ಲಿಸಿ ಬಿಚ್ಚುವವಳು ಅವಳು. ನಾನು ತಪ್ಪಿದ ಎಳೆಯ ಮೇಲೆ ನೇಯುತ್ತಲೇ ಹೋದೆ.

ಐದನೆಯ ದಿನ ಸಾರ್‌ಗೆ ಹೇಳಿದೆ. ಬೈಯಲಿಲ್ಲ, ತಾವೂ ನೋಡಬೇಕಿತ್ತು ಎಂದರು. ಅಕ್ಕನನ್ನು ಕರೆಸಿ, ಜಡೆ ಬಿಚ್ಚಿಸಿ ಮತ್ತೆ ತೆಗೆದರು. ನೆರಳು ಇರಲಿಲ್ಲ. ಕಫದಲ್ಲೂ ಏನೂ ಸಿಕ್ಕಿರಲಿಲ್ಲ. ಹಾಳೆಯ ಮೇಲಿನ ಗೀಟನ್ನು ನಾನೇ ಎಳೆದೆ. ಮೂರು ವಾರದ ಖಾಲಿ ಜಾಗಕ್ಕಿಂತ ಅದೇ ಹೆಚ್ಚು ನಿಜವಾಗಿ ಕಂಡಿತು.

"ಇಷ್ಟು ದಿನ ಚೌರಿಗೆ ಹೆದ್ರಿದ್ನೇನೇ ನಾನು?" ಎಂದು ಅಕ್ಕ ನಕ್ಕಳು. ಜಡೆ ಎತ್ತಿ ಕಟ್ಟುವುದನ್ನು ನಾನು ಮರೆತಿರಬೇಕು ಅಂದುಕೊಂಡಿದ್ದಳು. ಜೊತೆಗೆ ನಕ್ಕುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವಳನ್ನು ಬೆಂಚಿನ ಮೇಲೆ ಕೂರಿಸಿ ಚೌರಿ ಸೇರಿಸಿ ಜಡೆ ಹೆಣೆಯತೊಡಗಿದೆ. ಜಡೆ ಹೆಣೆಯುವವರ ಮುಖ ಹೆಣೆಸಿಕೊಳ್ಳುವವರಿಗೆ ಕಾಣುವುದಿಲ್ಲ, ಅದೊಂದು ಅನುಕೂಲ. ಅರ್ಧ ಹೆಣೆದ ಮೇಲೆ ಬಾಯಿ ಬಿಟ್ಟೆ.

"ಮರ್ತಿದ್ದಲ್ಲ ಅಕ್ಕ. ಅವತ್ತು ಮಧ್ಯಾಹ್ನನೇ ಗೊತ್ತಾತು. ಗೊತ್ತಿದ್ದೂ ನಾಕು ದಿನ ನಿನ್ನ ಹೆದ್ರಿಕೇಲಿ ಇಟ್ಟೆ. ತಪ್ಪಾತು."