ನಲ್ಲಿಗೆ ಹಾಕಿದ ತೊಗಲು

ನಮ್ಮ ಮನೆಗೆ ನಲ್ಲಿ ಬಂದ ಕಾಲದಲ್ಲಿ ನಾನು ದುರ್ಗದ ಒಂದು ಹತ್ತಿ ಜಿನ್ನಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸಕ್ಕಿದ್ದೆ. ಓದಿದ್ದು ಮೂರನೇ ಇಯತ್ತೆ. ಉಳಿದದ್ದನ್ನೆಲ್ಲ ಕೈಯೇ ಕಲಿಯಿತು. ಓಣಿಯಲ್ಲಿ ಅಂಗಳಕ್ಕೆ ನಲ್ಲಿ ಹಾಕಿಸಿದ್ದವರು ಇಬ್ಬರೇ, ಅದರಲ್ಲಿ ನಾನೊಬ್ಬ. ಹಾಕಿಸಿದ್ದು ನಮ್ಮವ್ವನಿಗಾಗಿ. ಲಿಂಗದ ಮಜ್ಜನಕ್ಕೆ ನೀರನ್ನು ತಾನೇ ತರಬೇಕು, ಸೊಸೆ ತಂದರೂ ಆಗದು ಅನ್ನುವವಳು. ಮಂಡಿ ಹಿಡಿದಿದ್ದರೂ ದಿನಾ ಹೊಂಡದ ಮೆಟ್ಟಿಲು ಇಳಿದು ಹತ್ತುತ್ತಿದ್ದಳು. ನಲ್ಲಿ ಬಂದ ಮೇಲೆ ಒಂದೂವರೆ ವರ್ಷ ಅಂಗಳದಲ್ಲೇ ತಂಬಿಗೆ ತುಂಬಿಕೊಂಡು ಪೂಜೆಗೆ ಕೂತಳು.

ಆಮೇಲೆ ನಲ್ಲಿ ಸೋರತೊಡಗಿತು. ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವುದು ನಿಲ್ಲದು. ಹಾಸುಗಲ್ಲಿನ ಸುತ್ತ ಕೆಸರು, ಕೆಸರಿನಲ್ಲಿ ಓಣಿಯ ಕೋಳಿಗಳು. ಫಿಟ್ಟರನ್ನು ಕರೆಸಬಹುದಿತ್ತು. ದಿನವೆಲ್ಲ ಯಂತ್ರ ಬಿಚ್ಚಿ ಜೋಡಿಸುವವನು ಒಂದು ನಲ್ಲಿಗೆ ಇನ್ನೊಬ್ಬನನ್ನು ಕರೆಯುವುದೇ? ಕರೆಯಲಿಲ್ಲ. ಮನೆಯಾಕೆ ರೊಟ್ಟಿ ಹಾಕುತ್ತ, "ಊರಿನ ಯಂತ್ರ ಎಲ್ಲಾ ನೆಟ್ಟಗೆ ಮಾಡ್ತೀರಿ, ನಮ್ಮನೆ ನಲ್ಲಿಗೆ ಮಾತ್ರ ನೆಗಡಿ ಬಿಡಂಗಿಲ್ಲ ನೋಡ್ರಿ" ಅಂದಳು.

ರಜೆಯ ದಿನ, ಬೆಳಗಿನ ನೀರು ನಿಂತ ಮೇಲೆ ಬಿಚ್ಚಿದೆ. ಒಳಗೆ ನೀರನ್ನು ತಡೆಯುವ ಬಿಲ್ಲೆ ಕಪ್ಪಗಾಗಿ, ಅಂಚು ಸವೆದು ಕೂತಿತ್ತು. ಉಗುರಿನಿಂದ ಕೆರೆದು ನೋಡಿದೆ. ತೊಗಲು. ಫಿಟ್ಟರು ಹಾಕುವುದು ಅದನ್ನೇ ಎಂದು ಆಗ ತಿಳಿಯಿತು. ಅವ್ವ ಒಳಗೆ ಪೂಜೆಯ ಬಟ್ಟಲು ಬೆಳಗುತ್ತಿದ್ದಳು. ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡೆ.

ಸೈಕಲ್ಲಿನ ಟ್ಯೂಬು ಕತ್ತರಿಸಿ ರಬ್ಬರಿನ ಬಿಲ್ಲೆ ಮಾಡಿ ಹಾಕಿದೆ. ನಾಲ್ಕು ದಿನಕ್ಕೆ ಹರಿಯಿತು. ಎರಡು ಪದರ ಹಾಕಿದೆ, ಸುರುಟಿಕೊಂಡು ಮೊದಲಿಗಿಂತ ಹೆಚ್ಚು ಸೋರಿತು. ಜಿನ್ನಿನಲ್ಲಿ ಆಗ ಹಿರಿಯೂರು ಕಡೆಯ ಹತ್ತಿ ಬಂದು ಬೀಳುತ್ತಿದ್ದ ಕಾಲ; ಸಂಜೆ ಮನೆಗೆ ಬರುವಾಗ ಮೂಗಿನ ತುಂಬ ಅರಳೆ, ಸೊಂಟ ಎರಡು ಹೋಳು. ಬಂದವನು ಮತ್ತೆ ಆ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಮೂರನೇ ಸಲಕ್ಕೆ ಸಾಕಾಯಿತು. ಹತ್ತಿಯಿಂದ ಬೀಜ ಬಿಡಿಸುವ ಉರುಳೆಗೆ ಸುತ್ತುವ ತೊಗಲಿನದೊಂದು ತುಣುಕನ್ನು ಮೇಸ್ತ್ರಿಯ ಹತ್ತಿರ ಕೇಳಿ ತಂದೆ. ದುಂಡಗೆ ಕೊಯ್ದು, ಹರಳೆಣ್ಣೆಯಲ್ಲಿ ನೆನೆಸಿ ಕೂರಿಸಿದೆ. ಸಂಜೆಯ ನೀರು ಬಂತು. ಒಂದು ಹನಿ ಬೀಳಲಿಲ್ಲ.

ಹಾಸುಗಲ್ಲಿನ ಮೇಲೆ ಉಳಿದಿದ್ದ ಚೂರನ್ನು ಅವ್ವ ಕಂಡಳು.

"ಏನಪ್ಪ ಅದು?"

ಸುಳ್ಳು ಹೇಳಿ ರೂಢಿಯಿಲ್ಲ. "ತೊಗಲು ಕಣವ್ವ" ಅಂದೆ.

ಅವಳು ಕೈಯಲ್ಲಿದ್ದ ತಂಬಿಗೆಯ ನೀರನ್ನು ಗಿಡದ ಬುಡಕ್ಕೆ ಸುರಿದಳು. ನನಗೆ ರೇಗಿತು. ನೀನು ಉಟ್ಟ ಸೀರೆಯ ಹತ್ತಿಯೂ ಈ ತೊಗಲಿನ ಮೇಲೇ ಹಾದು ಬಂದಿದ್ದು ಅಂದೆ. ಅವಳು ದನಿ ಏರಿಸಲಿಲ್ಲ.

"ಸೀರೆ ಆದ್ರೆ ನೀರಾಗೆ ಒಗೀತೀನಿ. ನೀರನ್ನ ಯಾತರಾಗೆ ಒಗೀಲಪ್ಪ?"

ನನ್ನ ಹತ್ತಿರ ಉತ್ತರವಿತ್ತು. ಬಿಚ್ಚಿದ ದಿನದಿಂದ ಜೇಬಿನಲ್ಲೇ ಇತ್ತು. ಹಳೇ ಬಿಲ್ಲೆಯನ್ನು ಅವಳ ಅಂಗೈ ಮೇಲೆ ಇಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳೇ ಕೇಳಿದಳು: "ಮೊದ್ಲು ಏನಿತ್ತು ಅದ್ರಾಗೆ?"

ಒಂದೂವರೆ ವರ್ಷದ ಪೂಜೆ ಅದು. ಒಂದು ದಿನವೂ ತಪ್ಪಿಸದೆ, ಕಣ್ಣು ಮುಚ್ಚಿ ಆ ನೀರು ಎರೆದಿದ್ದಳು.

"ರಬ್ಬರಿತ್ತವ್ವ" ಅಂದೆ.

"ಹಂಗಾರೆ ನೀನ್ಯಾಕೆ ರಬ್ಬರು ಹಾಕ್ಲಿಲ್ಲ?"

"ಹಾಕಿದೆ. ನನ್ನ ಕೈಲಿ ನಿಲ್ಲಲಿಲ್ಲ."

ಅವಳ ಮುಖ ಸಡಿಲಾಯಿತು. "ಹೋಗ್ಲಿ ಬಿಡು, ಎಲ್ರಿಗೂ ಎಲ್ಲಾ ಬರಂಗಿಲ್ಲ" ಅಂದಳು. ಆ ಮಾತು ನುಂಗುವುದು ಸುಲಭವಾಗಲಿಲ್ಲ. ಹಳೇ ಬಿಲ್ಲೆಯನ್ನು ಮರುದಿನ ಜಿನ್ನಿನ ಬಾಯ್ಲರಿನ ಒಲೆಗೆ ಎಸೆದೆ.

ಫಿಟ್ಟರನ್ನು ಕರೆಸಿದರೆ ಮೊದಲು ಇದ್ದದ್ದೂ ತೊಗಲೇ ಎಂದು ಬಯಲಾಗುತ್ತಿತ್ತು. ಅವಳನ್ನು ಮತ್ತೆ ಹೊಂಡಕ್ಕೆ ಬಿಡುವುದೂ ನನ್ನಿಂದಾಗಲಿಲ್ಲ. ನಾನೇ ತರುತ್ತೇನೆ ಎಂದು ಬಹಳ ಹೇಳಿದ ಮೇಲೆ, ನೀನು ತಂದದ್ದಾದರೂ ಆದೀತು, ಸ್ನಾನ ಮಾಡಿ, ವಿಭೂತಿ ಧರಿಸಿ ತಾ ಎಂದು ಒಪ್ಪಿದಳು. ಅವಳಿರುವ ತನಕ ನಾನೇ ತಂದೆ. ಜಿನ್ನಿನ ಸೀಟಿ ಕೂಗುವ ಮೊದಲು ಎದ್ದು, ತಣ್ಣೀರು ಮೈಮೇಲೆ ಹಾಕಿಕೊಂಡು, ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ಎಂಟು ವರ್ಷ. ನನ್ನ ಮಂಡಿಯೂ ಹೋಯಿತು. ಹೊಂಡದಲ್ಲಿ ಸಿಕ್ಕ ಹೆಂಗಸರು, ಮನೇಲಿ ನಲ್ಲಿ ಇಟ್ಕೊಂಡು ಇದೇನ್ ಗ್ರಾಚಾರ ನಿಮ್ಗೆ ಎಂದು ಕೇಳುತ್ತಿದ್ದರು. ಅದಕ್ಕೆ ಅವ್ವನೇ ಅಂಗಳದಲ್ಲಿ ಕೂತು ನೆರೆಯವರಿಗೆ ಕಾರಣ ಹೇಳುತ್ತಿದ್ದಳು. ಮೊದಲು ನಲ್ಲಿ ಹಾಕಿದ ಫಿಟ್ಟರು ಬಲು ಕಸುಬುದಾರ, ಎಂಥಾ ರಬ್ಬರು ಹಾಕಿದ್ದ, ನಮ್ಮ ಹುಡುಗನಿಗೆ ಅದು ಬರಲಿಲ್ಲ ಎಂದು.

ನಾನು ಕೊಡ ಇಳಿಸಿ ಒಳಗೆ ಹೋಗುತ್ತಿದ್ದೆ. ಅವಳ ಪಕ್ಕದಲ್ಲೇ ನಲ್ಲಿ ಒಣಗಿಕೊಂಡು ನಿಂತಿರುತ್ತಿತ್ತು. ಆ ಎಂಟು ವರ್ಷದಲ್ಲಿ ಅದು ಒಮ್ಮೆಯೂ ಸೋರಲಿಲ್ಲ.