ಅಭ್ಯರ್ಥಿಗಷ್ಟೇ ಮೈಕು

ಅವರ ಬಲಗಿವಿಯಲ್ಲಿ ಯಾವಾಗಲೂ ಒಂದು ಹತ್ತಿಯುಂಡೆ ಇರುತ್ತಿತ್ತು. ಹಾರ್ನ್ ಸ್ಪೀಕರ್ ಪಕ್ಕದಲ್ಲೇ ಆಯಸ್ಸು ಕಳೆದ ಮನುಷ್ಯ. ನಿಟ್ಟೂರಿನ ಆಸುಪಾಸಿನ ಮದುವೆ, ನಾಟಕಕ್ಕೆಲ್ಲ ಅವರದೇ ಮೈಕ್ ಸೆಟ್ಟು. ಹಾಗಾಗಿ ನಮಗೆಲ್ಲ ಅವರು ಮೈಕಣ್ಣ. ಯಾರಾದರೂ ಮೈಕಿಗೆ ಉಫ್ ಎಂದು ಊದಿದರೋ, ಸಿಡುಕುವರು: "ಅದೇನ್ ಸೌದೆ ಒಲೆಯಾ? ಉಗುರಲ್ಲಿ ತಟ್ಟು, ಸಾಕು."

ತೊಂಬತ್ತರ ದಶಕದ ಒಂದು ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಒಂದು ಕಡೆ ನಾನು, ಇನ್ನೊಂದು ಕಡೆ ಮೈಕಣ್ಣನ ಸ್ವಂತ ತಂಗಿ. ಆಟೋ, ಪೋಸ್ಟರ್ ಅಂತ ಯಾರೂ ಮನೆ ಹಾಳುಮಾಡಿಕೊಳ್ಳುವುದು ಬೇಡ, ಪ್ರಚಾರವೆಲ್ಲ ಊರೊಟ್ಟಿನ ಹಣದಲ್ಲೇ ಆಗಲಿ, ಆದರೆ ಅಭ್ಯರ್ಥಿಗಳು ಶಾಲೆ ಮೈದಾನದಲ್ಲಿ ನಿಂತು ಜನ ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು ಎಂದು ಊರವರು ತೀರ್ಮಾನಿಸಿದರು. ನಾನೋ ಸಭೆಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ. ಹೆಂಡತಿ ಚುನಾವಣೆಗೆ ನಿಂತರೂ ಗಂಡನೇ ಮಾತಾಡುವುದು ನಮ್ಮ ಕಡೆಯ ರೂಢಿ. ಇವರಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಭೆಯಲ್ಲಿ ಅಜ್ಜಿಯೊಬ್ಬರು ನನ್ನನ್ನೇ ಕೇಳಿದರು, "ಕೆಳಗಿನ ಬೀದಿ ನಲ್ಲೀಲಿ ನೀರ್ ಯಾಕವ್ವ ಬರಲ್ಲ?"

ನಮ್ಮ ಯಜಮಾನರು ಎದ್ದು ಮೈಕ್ ಹಿಡಿದರು. ತುಟಿ ಆಡಿತೇ ಹೊರತು ಗದ್ದಲದಲ್ಲಿ ಒಂದಕ್ಷರ ಕೇಳಲಿಲ್ಲ. ಆಂಪ್ಲಿಫೈಯರ್ ಮುಂದೆ ಕೂತಿದ್ದ ಮೈಕಣ್ಣ ವೈರು ಅಲ್ಲಾಡಿಸಿದರು, ಊಹೂಂ. ಇವರು ಸಿಟ್ಟಿನಿಂದ ಮೈಕನ್ನು ನನ್ನ ಕೈಗೆ ತುರುಕಿದರು. ದಿಕ್ಕು ತೋಚದೆ ಉಗುರಲ್ಲಿ ತಟ್ಟಿದೆ. ಟಕ್ ಟಕ್ ಎಂದು ಇಡೀ ಮೈದಾನಕ್ಕೆ ಕೇಳಿಸಿತು!

"ಮೇಲಿನ ಬೀದೀಲಿ ತೊಟ್ಟಿ ತುಂಬಿ ಹರಿಯೋವರ್ಗೂ ವಾಟರ್‌ಮನ್ ವಾಲ್ವ್ ತಿರುಗ್ಸಲ್ಲ ಅಜ್ಜಿ. ನಾನೂ ನಿಮ್ ಹಿಂದೇನೇ ಕೊಡ ಹಿಡ್ಕೊಂಡು ನಿಂತಿರ್ತೀನಲ್ಲ," ಎಂದೆ. ಅಷ್ಟು ಜನರ ಮುಂದೆ ನನ್ನ ದನಿಯನ್ನು ನಾನೇ ಮೊದಲ ಸಲ ಕೇಳಿದ್ದು.

ಗೆದ್ದೆ. ಸೋತ ತಂಗಿ, ನನ್ನನ್ನು ಗೆಲ್ಲಿಸಿದ್ದೇ ಅವನು ಎಂದು ಅಣ್ಣನ ಜೊತೆ ಮಾತು ಬಿಟ್ಟಳು. ನನಗೋ ತಲೆಬುಡ ತಿಳಿಯಲಿಲ್ಲ. ತಂಗಿಯ ಪರ ಇದ್ದರೆ ನನ್ನ ಬಾಯನ್ನೂ ಮುಚ್ಚಿಸಬಹುದಿತ್ತು. ನನ್ನ ಪರ ಎನ್ನೋಣವೆಂದರೆ, ಒಡಹುಟ್ಟಿದವಳಿಗಿಂತ ನಾನು ಹೆಚ್ಚೇ? ಹೋಗಿ ಕೇಳಿಯೇಬಿಟ್ಟೆ, "ಮೈಕ್ ಆಫ್ ಮಾಡಿದ್ರಾ ಅಣ್ಣ?"

"ಲೂಸ್ ಕನೆಕ್ಷನ್ ಕಣವ್ವ," ಎಂದು ಕಿವಿಯ ಹತ್ತಿ ಸರಿಮಾಡಿಕೊಂಡರು.

ಆಮೇಲೆ ಎಷ್ಟು ಸಲ ಕೇಳಿದರೂ ಅದೇ ಉತ್ತರ. ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗ ಅದೇ ಮೈದಾನದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ತಂಗಿ ನನ್ನ ಪಕ್ಕ ಬಂದು ಕೂತು ಬಿಕ್ಕಿದಳು.

"ಅವತ್ತು ನಮ್ಮಣ್ಣ ಯಾರ್ ಕಡೆ ಇದ್ದ? ನಿಂಗೇನಾದ್ರೂ ಹೇಳಿದ್ನಾ?"

"ಇಲ್ಲ ಕಣೇ. ನಂಗೂ ಇವತ್ತಿನವರ್ಗೂ ಗೊತ್ತಾಗಿಲ್ಲ."

ಎರಡು ಮಾತಾಡಿ ಎಂದು ಯಾರೋ ನಮ್ಮ ಯಜಮಾನರಿಗೆ ಮೈಕ್ ಕೊಟ್ಟರು. ಅವರು ಅದನ್ನು ನನಗೆ ದಾಟಿಸಿದರು. ಆ ಮನುಷ್ಯನ ಋಣ ದೊಡ್ಡದು, ಹೇಳಬೇಕಾದ್ದು ಬೇಕಾದಷ್ಟಿತ್ತು. ಮೈಕ್ ಸರಿಯಾಗಿಯೇ ಇತ್ತು, ಆದರೆ ಮೊದಲ ಮಾತು ಒಡಹುಟ್ಟಿದವಳದಾಗಲಿ ಅನ್ನಿಸಿತು. ಪಕ್ಕದಲ್ಲಿದ್ದ ತಂಗಿಗೆ ಕೊಟ್ಟೆ.

ಅವಳು ಕಣ್ಣೊರೆಸಿಕೊಂಡು, ಉಗುರಲ್ಲಿ ತಟ್ಟಿದಳು.